ದಪ್ಪ ಸ್ಲ್ಯಾಬ್ ಸೆರಿಫ್: ಯಾವ ಕೆಲಸಕ್ಕೆ ಯಾವ ಅಕ್ಷರ?

ಫಾಂಟ್ ಪಟ್ಟಿಯಲ್ಲಿ ರೋಮನ್ (ಇಂಗ್ಲಿಷ್) ಲಿಪಿಯ ದಪ್ಪ ಸ್ಲ್ಯಾಬ್ ಸೆರಿಫ್‌ಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಎಲ್ಲವೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತವೆ. ಕಂಬದಂಥ ಗೆರೆ, ಅದರ ತಲೆಗೂ ಬುಡಕ್ಕೂ ಇಟ್ಟಿಗೆಯಂಥ ಪಟ್ಟಿ. ಗೆರೆಯ ತುದಿಯ ಈ ಪಟ್ಟಿಯೇ ಸೆರಿಫ್, ಅದು ಹೀಗೆ ದಪ್ಪವಾಗಿದ್ದರೆ ಸ್ಲ್ಯಾಬ್. ಹಾಗಾಗಿ ಹೆಸರು ಹಿಡಿಸಿತೆಂದೋ ಎಲ್ಲಕ್ಕಿಂತ ಕಪ್ಪಾಗಿದೆಯೆಂದೋ ಒಂದನ್ನು ಆರಿಸುವುದು ಸುಲಭ. ಎಡವುವುದೂ ಅಲ್ಲೇ. ದಪ್ಪ ಎಲ್ಲದರಲ್ಲೂ ಇದೆ. ನೋಡಬೇಕಾದ್ದು ಎರಡು: ಪಟ್ಟಿ ಕಂಬಕ್ಕೆ ಸೇರುವ ಮೂಲೆ ಹೇಗಿದೆ, ಮತ್ತು ಇಷ್ಟೆಲ್ಲ ಕಪ್ಪು ತುಂಬಿದ ಮೇಲೂ ಅಕ್ಷರದ ಹೊಟ್ಟೆಯೊಳಗೆ ಬಿಳಿ ಎಷ್ಟು ಉಳಿದಿದೆ. ಅಕ್ಷರ ಯಾವ ಅಳತೆಯಲ್ಲಿ, ಯಾವ ಮೇಲ್ಮೈಯ ಮೇಲೆ ಬದುಕುತ್ತದೆ ಎಂಬುದನ್ನು ಈ ಎರಡೇ ನಿರ್ಧರಿಸುತ್ತವೆ.

ಹೆಸರನ್ನು ನಂಬಬೇಡಿ ಎನ್ನುವುದಕ್ಕೆ ಹಳೆಯ ಕಾರಣವೊಂದಿದೆ. ಲಂಡನ್ನಿನ ವಿನ್ಸೆಂಟ್ ಫಿಗ್ಗಿನ್ಸ್ 1815ರ ಸುಮಾರಿಗೆ ಈ ಬಗೆಯ ಅಚ್ಚುಮೊಳೆಗಳನ್ನು ತೋರಿಸಿದಾಗ ಇಟ್ಟ ಹೆಸರು ‘ಆಂಟಿಕ್’. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿನಲ್ಲಿ ಈಜಿಪ್ಟಿನ ಹುಚ್ಚು ಹರಡಿದ್ದ ಕಾಲ ಅದು. ಹಾಗಾಗಿ ಇವಕ್ಕೆ ‘ಈಜಿಪ್ಷಿಯನ್’ ಎಂಬ ಹೆಸರೂ ಅಂಟಿಕೊಂಡಿತು. ಆದರೆ 1816ರಲ್ಲಿ ಕ್ಯಾಸ್ಲನ್ ಮೊಳೆಮನೆ (ಅಚ್ಚುಮೊಳೆ ಎರಕ ಹೊಯ್ಯುವ ಕಾರ್ಖಾನೆ) ‘ಈಜಿಪ್ಷಿಯನ್’ ಎಂದು ಕರೆದದ್ದು ಸೆರಿಫೇ ಇಲ್ಲದ ಅಕ್ಷರವನ್ನು. ಇವತ್ತಿಗೂ ಫ್ರೆಂಚ್ ಹೆಸರುಗಳಲ್ಲಿ ‘ಆಂಟಿಕ್’ ಎಂದರೆ ಸೆರಿಫ್ ಇಲ್ಲದ್ದು, ‘ಈಜಿಪ್ಟಿಯೆನ್’ ಎಂದರೆ ಸ್ಲ್ಯಾಬ್. ಹೆಸರು ಓದುವ ಬದಲು ಅಕ್ಷರವನ್ನು ದೊಡ್ಡದು ಮಾಡಿ ಮೂಲೆಯನ್ನು ನೋಡಿ.

ಚೌಕ ಮೂಲೆಯವು

ಮೆಂಫಿಸ್ (1929), ರಾಕ್‌ವೆಲ್ (1934), ಲುಬಾಲಿನ್ ಗ್ರಾಫ್ (1974) ಈ ಗುಂಪಿನವು. ಪಟ್ಟಿ ಕಂಬಕ್ಕೆ ಮೂಲೆಮಟ್ಟ ಹಿಡಿದಂತೆ ಲಂಬಕೋನದಲ್ಲಿ ಸೇರುತ್ತದೆ. ದುಂಡು ಅಕ್ಷರಗಳು ಕೈವಾರದಲ್ಲಿ ಎಳೆದ ಹಾಗಿರುತ್ತವೆ. ಅಡ್ಡಗೆರೆ ಮತ್ತು ಉದ್ದಗೆರೆಗಳ ದಪ್ಪದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ರಾಕ್‌ವೆಲ್ಲನ್ನು ಗುರುತಿಸಬೇಕೆಂದರೆ ದೊಡ್ಡಕ್ಷರ ‘ಎ’ಯ ನೆತ್ತಿ ನೋಡಿ, ಅಲ್ಲೂ ಒಂದು ಪಟ್ಟಿ ಕೂತಿರುತ್ತದೆ. ಲುಬಾಲಿನ್ ಗ್ರಾಫ್‌ನ ಸಣ್ಣ ‘ಎ’ ಒಂದೇ ಅಂತಸ್ತಿನದು. ಅವಾಂಟ್ ಗಾರ್ಡ್ ಅಕ್ಷರದ ಅಸ್ಥಿಪಂಜರಕ್ಕೆ ಪಟ್ಟಿ ಜೋಡಿಸಿ ಮಾಡಿದ್ದರಿಂದ ಅದರ ದುಂಡುತನ ಹಾಗೇ ಉಳಿದಿದೆ.

ಇವು ಕಟ್ಟಡದ ಭಾಷೆ ಮಾತಾಡುತ್ತವೆ. ತೊಲೆ, ಸರಳು, ಯಂತ್ರ, ಅಳತೆ. ಐಬಿಎಂ ಲಾಂಛನಕ್ಕೆ 1956ರಲ್ಲಿ ಪಾಲ್ ರ‍್ಯಾಂಡ್ ಆಧಾರವಾಗಿ ಹಿಡಿದದ್ದು ಇದೇ ಸ್ವಭಾವದ, ಇನ್ನೂ ಚೌಕವಾದ ‘ಸಿಟಿ’ ಎಂಬ ಅಕ್ಷರವನ್ನು. ಅದು ಗೇಯಾರ್ಗ್ ಟ್ರಂಪ್ 1930ರಲ್ಲಿ ಮಾಡಿದ್ದು. ಎರಡು-ಮೂರು ಪದಗಳ ತಲೆಬರಹ, ಲಾಂಛನ, ಪೆಟ್ಟಿಗೆಯ ಮೇಲಿನ ಹೆಸರು, ದೊಡ್ಡ ಅಂಕಿ: ಇಂಥಲ್ಲಿ ಇವುಗಳ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಸಾಲು ಉದ್ದವಾದರೆ ಕಥೆ ಬೇರೆ. ಎಲ್ಲ ಗೆರೆಗಳೂ ಒಂದೇ ದಪ್ಪವಿದ್ದಾಗ ಕಣ್ಣಿಗೆ ಹಿಡಿತ ಸಿಗುವುದಿಲ್ಲ. ಸಾಲಿನ ತಳದಲ್ಲಿ ಪಟ್ಟಿಗಳು ಒಂದಕ್ಕೊಂದು ಸಾಲುಗಟ್ಟಿ ರೈಲು ಹಳಿಯಂತೆ ಕಾಣತೊಡಗುತ್ತವೆ. ದಪ್ಪ ಏರಿದಷ್ಟೂ ಇನ್ನೊಂದು ತೊಡಕು. ಕಂಬ ದಪ್ಪವಾದಷ್ಟೇ ಪಟ್ಟಿಯೂ ದಪ್ಪವಾದರೆ ಸಣ್ಣ ‘ಎ’, ‘ಇ’, ‘ಎಸ್’ ಅಕ್ಷರಗಳ ಒಳಗೆ ಬಿಳಿಗೆ ಜಾಗವೇ ಇರುವುದಿಲ್ಲ. ಒಳ್ಳೆಯ ವಿನ್ಯಾಸಕ ಅತಿದಪ್ಪದ ತೂಕದಲ್ಲಿ (ಗೆರೆಯ ದಪ್ಪದ ಮೆಟ್ಟಿಲಿಗೆ ‘ತೂಕ’ ಎನ್ನುವುದು ರೂಢಿ) ಪಟ್ಟಿಯನ್ನೂ ಅಡ್ಡಗೆರೆಯನ್ನೂ ಸದ್ದಿಲ್ಲದೆ ತೆಳುವಾಗಿಸಿರುತ್ತಾನೆ, ಗೆರೆಗಳು ಕೂಡುವ ಕಡೆ ಕಪ್ಪನ್ನು ಕೆತ್ತಿ ತೆಗೆದಿರುತ್ತಾನೆ. ಅಗ್ಗದ ಫಾಂಟಿನಲ್ಲಿ ಈ ಕೆಲಸ ನಡೆದಿರುವುದಿಲ್ಲ. ಪರೀಕ್ಷೆ ಸುಲಭ: ಅದರ 8 ಮತ್ತು 6 ಅಂಕಿಗಳನ್ನು ಚಿಕ್ಕದಾಗಿ ಇಟ್ಟು, ಕಣ್ಣು ಅರೆಮುಚ್ಚಿ ನೋಡಿ. ಎರಡೂ ಒಂದೇ ಕಪ್ಪು ಚುಕ್ಕೆಯಂತೆ ಕಂಡರೆ ಆ ತೂಕ ನಿಮಗೆ ಬೇಡ.

ಬಾಗಿದ ಮೂಲೆಯವು

ಕ್ಲಾರೆಂಡನ್ ಗುಂಪಿನಲ್ಲಿ ಪಟ್ಟಿ ಕಂಬಕ್ಕೆ ಸಣ್ಣ ಬಾಗಿನೊಂದಿಗೆ ಸೇರುತ್ತದೆ, ಮರದ ಬುಡ ನೆಲಕ್ಕಿಳಿಯುವ ಹಾಗೆ. ಉದ್ದಗೆರೆ ದಪ್ಪ, ಅಡ್ಡಗೆರೆ ತುಸು ತೆಳು. ಸಣ್ಣ ‘ಎ’, ‘ಸಿ’, ‘ಆರ್’ ಅಕ್ಷರಗಳ ತುದಿಯಲ್ಲಿ ಹನಿಯಂಥ ಗುಂಡು. ಮೂಲ ಕ್ಲಾರೆಂಡನ್ 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಮೊಳೆಮನೆಯಿಂದ ಬಂತು. ರಾಬರ್ಟ್ ಬೆಸ್ಲಿ ಅದರ ಹೊಣೆಗಾರ, ಬೆಂಜಮಿನ್ ಫಾಕ್ಸ್ ಅದನ್ನು ಕೆತ್ತಿದವನು. ಆಗ ತಾನೇ ಬಂದಿದ್ದ ವಿನ್ಯಾಸ ಕಾಯ್ದೆಯಡಿ ಅದಕ್ಕೆ ಮೂರು ವರ್ಷದ ರಕ್ಷಣೆ ಸಿಕ್ಕಿತ್ತು, ಅವಧಿ ಮುಗಿದದ್ದೇ ತಡ ಬೇರೆ ಮೊಳೆಮನೆಗಳು ನಕಲಿಗೆ ಇಳಿದವು.

ಆಯ್ಕೆ ಮಾಡುವವರಿಗೆ ಈ ಇತಿಹಾಸದಲ್ಲಿ ಉಪಯೋಗಕ್ಕೆ ಬರುವ ಮಾತು ಒಂದಿದೆ. ಕ್ಲಾರೆಂಡನ್ ಹುಟ್ಟಿದ್ದು ಭಿತ್ತಿಪತ್ರಕ್ಕಾಗಿ ಅಲ್ಲ. ನಿಘಂಟಿನಂಥ ಪುಸ್ತಕದಲ್ಲಿ, ಸಾಮಾನ್ಯ ಅಕ್ಷರದ ಸಾಲಿನ ನಡುವೆ ಪದವೊಂದು ಎದ್ದು ಕಾಣಲಿ ಎಂದು ಮಾಡಿದ ದಪ್ಪಕ್ಷರ ಅದು. ಅಂದರೆ ಸಣ್ಣ ಅಳತೆಯಲ್ಲಿ, ಬೇರೆ ಅಕ್ಷರದ ಜೊತೆಗೆ, ಉಸಿರುಗಟ್ಟದೆ ನಿಲ್ಲುವುದು ಅದರ ಹುಟ್ಟುಗುಣ. ಉಪಶೀರ್ಷಿಕೆ, ಕೋಷ್ಟಕದ ತಲೆಸಾಲು, ಪಠ್ಯಪುಸ್ತಕದಲ್ಲಿ ಒತ್ತುಕೊಟ್ಟ ಪದಗಳಿಗೆ ಇಂದಿಗೂ ಚೌಕ ಮೂಲೆಯ ಅಕ್ಷರಗಳಿಗಿಂತ ಇದೇ ಒಳ್ಳೆಯದು.

ಈಗ ಬಳಕೆಯಲ್ಲಿರುವ ಕ್ಲಾರೆಂಡನ್‌ಗಳು ಹೆಚ್ಚಾಗಿ 1950ರ ದಶಕದ ಮರುಹುಟ್ಟುಗಳ ಸಂತಾನ. ಹರ್ಮನ್ ಐಡೆನ್‌ಬೆಂಜ್ 1953ರಲ್ಲಿ ಮಾಡಿದ್ದು ಅಚ್ಚುಕಟ್ಟು, ಸ್ವಲ್ಪ ಅಗಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಮರದ ಫಲಕಗಳಲ್ಲಿ ಬಹುಕಾಲ ಕಂಡದ್ದು ಈ ಕ್ಲಾರೆಂಡನ್ ಸ್ವಭಾವದ ಅಕ್ಷರಗಳೇ. ಮರದಲ್ಲಿ ಅವು ಚೆನ್ನಾಗಿ ಕೂರುವುದಕ್ಕೆ ಯಾಂತ್ರಿಕ ಕಾರಣವೂ ಇದೆ. ಮರ, ಲೋಹ, ಅಕ್ರಿಲಿಕ್ ಯಾವುದರಲ್ಲೇ ಆಗಲಿ ತಿರುಗುವ ಬಿಟ್‌ನಿಂದ ಕೊರೆಯುವಾಗ, ಬಿಟ್ ದುಂಡಗಿರುವುದರಿಂದ ಒಳಮೂಲೆ ಎಂದೂ ಚೂಪಾಗಿ ಬರುವುದಿಲ್ಲ. 3 ಮಿ.ಮೀ. ವ್ಯಾಸದ ಬಿಟ್ ಪ್ರತಿ ಒಳಮೂಲೆಯಲ್ಲೂ 1.5 ಮಿ.ಮೀ. ತ್ರಿಜ್ಯದ ಬಾಗನ್ನು ಬಿಟ್ಟೇ ಹೋಗುತ್ತದೆ. ರಾಕ್‌ವೆಲ್ ಕೊರೆದರೆ ಆ ಬಾಗು ತಪ್ಪಿನಂತೆ ಕಾಣುತ್ತದೆ. ಕ್ಲಾರೆಂಡನ್‌ನಲ್ಲಿ ಬಾಗು ಮೊದಲೇ ಇರುವುದರಿಂದ ಬಿಟ್‌ನ ಗುರುತು ವಿನ್ಯಾಸದೊಳಗೇ ಕರಗಿಹೋಗುತ್ತದೆ. ಕೆತ್ತನೆಯ ಕೆಲಸವಾದರೆ ಇಷ್ಟೇ ಸಾಕು, ಬೇರೆ ಹೋಲಿಕೆ ಬೇಕಿಲ್ಲ.

ದೋಷ ಇಲ್ಲದಿಲ್ಲ. ಗುಂಡು ತುದಿಗಳಿಂದ ಇದಕ್ಕೆ ಹಳೆಯ ಕಾಲದ, ಸ್ವಲ್ಪ ಹಿರಿಯರ ಗತ್ತು ಬರುತ್ತದೆ. ತಂತ್ರಾಂಶದ ಪರದೆ, ವೈದ್ಯಕೀಯ ಸೂಚನೆಗಳಂಥ ಕಡೆ ಅದು ಹೊಂದುವುದಿಲ್ಲ. ಅಗಲವೂ ಹೆಚ್ಚು. ಇಕ್ಕಟ್ಟಿನ ಅಂಕಣದಲ್ಲಿ ಪದಗಳು ಬೇಗ ಮುರಿಯುತ್ತವೆ.

ಓದಿಗೆ ಒಗ್ಗಿದವು

ಮೂರನೆಯ ಗುಂಪು ಇವೆರಡರ ನಡುವೆ ಬೆಳೆದದ್ದು. ಏಡ್ರಿಯನ್ ಫ್ರುಟಿಗರ್ ತಮ್ಮದೇ ಯೂನಿವರ್ಸ್ ಅಕ್ಷರದ ಅಸ್ಥಿಪಂಜರದ ಮೇಲೆ ಸೆರಿಫಾ (1967) ಕಟ್ಟಿದರು. ಪೀಟರ್ ಮಟಿಯಾಸ್ ನೋರ್ಡ್‌ಜೈ ಅವರ ಸಿಸೀಲಿಯಾ (1990) ಕೈಬರಹದ ಲಯವನ್ನು ತಂದಿತು. ಮುಂದೆ ಕಿಂಡಲ್ ಎಂಬ ಇ-ಪುಸ್ತಕ ಸಾಧನದ ಮೊದಮೊದಲ ಪರದೆಗಳಲ್ಲಿ ಪುಸ್ತಕಗಳು ಕಾಣಿಸಿಕೊಂಡದ್ದು ಇದೇ ಅಕ್ಷರದಲ್ಲಿ. 2005ರಲ್ಲಿ ಗಾರ್ಡಿಯನ್ ಪತ್ರಿಕೆ ಹೊಸ ರೂಪಕ್ಕೆ ಬಂದಾಗ ಪಾಲ್ ಬಾರ್ನ್ಸ್ ಮತ್ತು ಕ್ರಿಶ್ಚಿಯನ್ ಶ್ವಾರ್ಟ್ಸ್ ಅದಕ್ಕಾಗಿ ಗಾರ್ಡಿಯನ್ ಈಜಿಪ್ಷಿಯನ್ ರಚಿಸಿದರು. ಮುಕ್ತ ಪರವಾನಗಿಯಲ್ಲಿ ಬಿಟ್ಟರ್, ರೊಬೋಟೊ ಸ್ಲ್ಯಾಬ್, ಮೊಜಿಲ್ಲಾ ಬಳಗಕ್ಕಾಗಿ 2017ರಲ್ಲಿ ಬಂದ ಜಿಲಾ ಸ್ಲ್ಯಾಬ್ ಇವೆ.

ಇವುಗಳಲ್ಲಿ ಸಣ್ಣಕ್ಷರದ ಎತ್ತರ ಹೆಚ್ಚು, ಬಾಯಿ ಅಗಲವಾಗಿ ತೆರೆದಿರುತ್ತದೆ, ಪಟ್ಟಿ ಚಿಕ್ಕದು. ಸುದ್ದಿತಾಣದ ತಲೆಬರಹ, ಲೇಖನದೊಳಗಿನ ಉಪಶೀರ್ಷಿಕೆ, ಮೊಬೈಲ್ ಪರದೆ, ವರದಿ, ಇಂಥ ನಿತ್ಯದ ಕೆಲಸಕ್ಕೆ ಇವನ್ನೇ ಮೊದಲು ನೋಡಿ. ಎಲ್ಲಿ ಬಳಸಬೇಕೆಂದು ಖಚಿತವಿಲ್ಲದವರಿಗೂ ಈ ಗುಂಪಿನಲ್ಲಿ ನಷ್ಟ ಕಡಿಮೆ. ಕೊರತೆ ಒಂದೇ, ಭಿತ್ತಿಪತ್ರದ ಅಳತೆಗೆ ಹಿಗ್ಗಿಸಿದಾಗ ಇವು ಸಪ್ಪೆ.

ಮುಕ್ತವಾದವುಗಳ ನಡುವಿನ ಆಯ್ಕೆಯಲ್ಲಿ ರೂಪಕ್ಕಿಂತ ಸಾಮಾನು-ಸರಂಜಾಮು ಮುಖ್ಯವಾಗುತ್ತದೆ. ರೊಬೋಟೊ ಸ್ಲ್ಯಾಬ್‌ನಲ್ಲಿ 100ರಿಂದ 900ರವರೆಗೆ ತೂಕಗಳಿವೆ (ಅಂಕಿ ಏರಿದಷ್ಟೂ ಗೆರೆ ದಪ್ಪ), ಆದರೆ ಓರೆ ಅಕ್ಷರ ಇಲ್ಲ. ಪುಸ್ತಕದ ಹೆಸರುಗಳನ್ನು ಓರೆಯಲ್ಲಿ ಬರೆಯುವ ರೂಢಿಯಿದ್ದರೆ ಅದು ಅಡ್ಡಿ. ಬಿಟ್ಟರ್‌ನಲ್ಲಿ ಓರೆಯೂ ಇದೆ. ಜಿಲಾ ಸ್ಲ್ಯಾಬ್‌ನ ತೂಕ 700ಕ್ಕೇ ನಿಲ್ಲುತ್ತದೆ, ಅದಕ್ಕಿಂತ ಕಪ್ಪು ಬೇಕೆಂದರೆ ಸಿಗದು. ಆರ್ವೊದಲ್ಲಿ ಸಾದಾ ಮತ್ತು ದಪ್ಪ ಎರಡೇ ತೂಕ, ಎರಡಕ್ಕೂ ಓರೆ ಉಂಟು.

ಭಿತ್ತಿಪತ್ರದವು

1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಮೊಳೆ ಕೊರೆಯುವ ಯಂತ್ರ ಕಂಡುಹಿಡಿದ ಮೇಲೆ ಅಕ್ಷರದ ಅಳತೆಗೆ ಮಿತಿಯೇ ಇಲ್ಲದಾಯಿತು. ಸೀಸದ ದೊಡ್ಡ ಮೊಳೆ ವಿಪರೀತ ಭಾರ, ಎರಕದಲ್ಲಿ ಸರಿಯಾಗಿ ಬರುವುದೂ ಕಷ್ಟ. ಮರಕ್ಕೆ ಆ ತೊಂದರೆ ಇಲ್ಲ. ಕಂಬಕ್ಕಿಂತ ಪಟ್ಟಿಯೇ ದಪ್ಪವಾಗಿರುವ, ಸರ್ಕಸ್ ಜಾಹೀರಾತನ್ನೂ ‘ಬೇಕಾಗಿದ್ದಾನೆ’ ಫಲಕವನ್ನೂ ನೆನಪಿಸುವ ಅಕ್ಷರಗಳು ಆ ಪರಂಪರೆಯವು. 1938ರ ಪ್ಲೇಬಿಲ್ ಅದರ ಉದಾಹರಣೆ. ಆಲ್ಫಾ ಸ್ಲ್ಯಾಬ್ ಒನ್ ಈ ಕಾಲದ್ದು, ಒಂದೇ ತೂಕ, ಅತಿ ಕಪ್ಪು. ಇವನ್ನು ಒಂದು ಪುಟದಲ್ಲಿ ಒಂದು ಕಡೆ, ಒಂದರಿಂದ ನಾಲ್ಕು ಪದಗಳಿಗೆ ಮಾತ್ರ ಬಳಸಿ. 40 ಪಿಕ್ಸೆಲ್‌ಗಿಂತ ಕೆಳಗೆ ತರಬೇಡಿ. ಪ್ಲೇಬಿಲ್ ಥರದ್ದಕ್ಕೆ ಕೌಬಾಯ್ ಛಾಯೆ ಎಷ್ಟು ಗಟ್ಟಿಯಾಗಿ ಅಂಟಿದೆಯೆಂದರೆ, ಆ ಛಾಯೆ ಬೇಡವಾದ ಕಡೆ ಅದನ್ನು ಬೇರೇನೂ ಮಾಡಿ ಉಳಿಸಿಕೊಳ್ಳಲಾಗದು.

ಬೆರಳಚ್ಚಿನ ಮಾದರಿಯ ಕೂರಿಯರ್ ಕೂಡ ಸ್ಲ್ಯಾಬೇ. ಆದರೆ ಅದರ ದಪ್ಪ ರೂಪ ಶೀರ್ಷಿಕೆಗೆ ಒದಗುವಂಥದ್ದಲ್ಲ. ಪ್ರತಿ ಅಕ್ಷರಕ್ಕೂ ಒಂದೇ ಅಗಲವಾದ್ದರಿಂದ ಸಣ್ಣ ‘ಎಂ’ ಹಿಂಡಿದಂತೆ, ಸಣ್ಣ ‘ಐ’ ಕೈಚಾಚಿದಂತೆ ಕಾಣುತ್ತದೆ.

ತೂಕ ಮತ್ತು ಅಂತರ

ಗುಂಪು ತೀರ್ಮಾನವಾದ ಮೇಲೂ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿ. ಫಾಂಟಿನಲ್ಲಿ 900 ಇದೆ ಎಂದ ಮಾತ್ರಕ್ಕೆ ಅದನ್ನೇ ಬಳಸಬೇಕಿಲ್ಲ. ಪರದೆಯ ಮೇಲೆ 14ರಿಂದ 18 ಪಿಕ್ಸೆಲ್‌ನ ಉಪಶೀರ್ಷಿಕೆಗೆ 600 ಸಾಕು. 20ರಿಂದ 36ಕ್ಕೆ 700. 800, 900 ತೂಕಗಳು 40ರ ಮೇಲೆ ಮಾತ್ರ ಚೆನ್ನ. 14ಕ್ಕಿಂತ ಕೆಳಗೆ ದಪ್ಪ ಸ್ಲ್ಯಾಬ್ ಬೇಡವೇ ಬೇಡ, ಅಲ್ಲಿ 500 ಇಟ್ಟು ಬಣ್ಣವನ್ನು ಗಾಢವಾಗಿಸಿದರೆ ಒತ್ತು ತಾನೇ ಸಿಗುತ್ತದೆ.

ಅಕ್ಷರಗಳ ನಡುವಿನ ಅಂತರದಲ್ಲಿ ಸ್ಲ್ಯಾಬ್‌ಗೆ ಅದರದೇ ಕಾಟ. ಸೆರಿಫ್ ಇಲ್ಲದ ಅಕ್ಷರವನ್ನು ದೊಡ್ಡ ಅಳತೆಯಲ್ಲಿ ಧೈರ್ಯವಾಗಿ ಹತ್ತಿರ ಸರಿಸಬಹುದು. ಇಲ್ಲಿ ಪಕ್ಕಪಕ್ಕದ ಪಟ್ಟಿಗಳು ಮೊದಲು ಡಿಕ್ಕಿ ಹೊಡೆಯುತ್ತವೆ. ದೊಡ್ಡಕ್ಷರ ‘ಎ’ಯ ಪಕ್ಕ ‘ಕೆ’, ‘ಆರ್’, ‘ಎಕ್ಸ್’ ಬಂದಾಗ ಬುಡದ ಪಟ್ಟಿಗಳು ಅಂಟಿಕೊಳ್ಳುತ್ತವೆ. ಸಣ್ಣ ‘ಆರ್’ ಮತ್ತು ‘ಎನ್’ ಒಟ್ಟಾಗಿ ‘ಎಂ’ನಂತೆ ಓದಿಸುತ್ತವೆ. 40 ಪಿಕ್ಸೆಲ್ ಮೇಲಿನ ತಲೆಬರಹದಲ್ಲಿ ಅಕ್ಷರದಳತೆಯ ಶೇ. 1ರಷ್ಟು ಬಿಗಿ ಮಾಡಿ, ಶೇ. 2ಕ್ಕಿಂತ ಮುಂದೆ ಹೋಗಬೇಡಿ. ಎಲ್ಲವೂ ದೊಡ್ಡಕ್ಷರವಾದರೆ ಬಿಗಿಯ ಬದಲು ಶೇ. 3ರಿಂದ 5ರಷ್ಟು ಸಡಿಲಿಸಿ. ಪಟ್ಟಿಗಳು ಒಂದೋ ಸ್ಪಷ್ಟವಾಗಿ ಬೇರೆಯಿರಬೇಕು, ಇಲ್ಲವೇ ಲಾಂಛನದಲ್ಲಿ ಮಾಡುವಂತೆ ಬೇಕೆಂದೇ ಪೂರ್ತಿ ಬೆಸೆದಿರಬೇಕು. ಕೂದಲೆಳೆಯಷ್ಟು ಸಂದು ಬಿಟ್ಟರೆ ಅಚ್ಚಿನಲ್ಲಿ ಅದು ಅಲ್ಲಲ್ಲಿ ಮುಚ್ಚಿ ಕೊಳೆಯಾಗಿ ಕಾಣುತ್ತದೆ.

ಕಾಗದ, ಬಟ್ಟೆ, ಫಲಕ

ಹೀರುವ ಕಾಗದದಲ್ಲಿ ಶಾಯಿ ಅಂಚಿನಿಂದಾಚೆ ಹರಡುತ್ತದೆ. ಸುದ್ದಿಪತ್ರಿಕೆಯ ಕಾಗದ, ಲೇಪನವಿಲ್ಲದ ರಟ್ಟು, ರಬ್ಬರ್ ಮುದ್ರೆ ಎಲ್ಲದಕ್ಕೂ ಇದೇ ಪಾಡು. ಹೊರಗೆ ಹರಡಿದ್ದು ಅಷ್ಟಾಗಿ ಕಾಣದು, ಹೊಟ್ಟೆಯೊಳಗೆ ಹರಡಿದ್ದು ಅಕ್ಷರವನ್ನೇ ಮುಚ್ಚುತ್ತದೆ. ಹಾಗಾಗಿ ಇಂಥ ಮೇಲ್ಮೈಗೆ, ಪರದೆಯಲ್ಲಿ ಸರಿ ಕಂಡದ್ದಕ್ಕಿಂತ ಒಂದು ಮೆಟ್ಟಿಲು ಹಗುರವಾದ ತೂಕವನ್ನು ಕಳಿಸಿ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾದರೆ ಇದು ತಿರುಗುಮುರುಗು. ಈಗ ಶಾಯಿ ಅಕ್ಷರದೊಳಕ್ಕೆ ನುಗ್ಗಿ ಅದನ್ನು ತೆಳುವಾಗಿಸುತ್ತದೆ. ಸಾಮಾನ್ಯ ಸೆರಿಫ್‌ನ ಕೂದಲೆಳೆ ಗೆರೆಗಳು ಇಲ್ಲಿ ತುಂಡಾಗುತ್ತವೆ, ಸ್ಲ್ಯಾಬ್ ತಡೆದುಕೊಳ್ಳುತ್ತದೆ. ಆ ಒಂದು ಕಾರಣಕ್ಕೇ ಬಿಳಿ ಅಕ್ಷರದ ಕೆಲಸಕ್ಕೆ ಸ್ಲ್ಯಾಬ್ ಆರಿಸುವುದು ಜಾಣತನ. ಹಿನ್ನೆಲೆಯ ಕಪ್ಪನ್ನು ನಾಲ್ಕು ಬಣ್ಣ ಸೇರಿಸಿ ಮಾಡಿದ್ದರೆ ಮಾತ್ರ ಎಚ್ಚರ. ಒಂದು ಬಣ್ಣದ ಅಚ್ಚುತಟ್ಟೆ ಚೂರು ಸರಿದರೂ ಸಣ್ಣ ಬಿಳಿ ಅಕ್ಷರದ ಅಂಚಿಗೆ ಬಣ್ಣದ ನೆರಳು ಬರುತ್ತದೆ. 12 ಪಾಯಿಂಟ್‌ಗಿಂತ ಸಣ್ಣದಿದ್ದರೆ ಹಿನ್ನೆಲೆ ಒಂದೇ ಕಪ್ಪು ಶಾಯಿಯದ್ದಾಗಿರಲಿ.

ಒಳಗಿನಿಂದ ಬೆಳಗುವ ಫಲಕದಲ್ಲಿ ಬೆಳಕು ತಾನೇ ಅಕ್ಷರವನ್ನು ಉಬ್ಬಿಸಿ ತೋರಿಸುತ್ತದೆ. ಅಲ್ಲಿ 800 ಬೇಕೆನಿಸಿದರೆ 600 ಇಡಿ, ಅಂತರವನ್ನೂ ಸಡಿಲಿಸಿ. ಆರಾಮವಾಗಿ ಓದಲು 3 ಮೀಟರ್ ದೂರಕ್ಕೆ ಸುಮಾರು 25 ಮಿ.ಮೀ. ಎತ್ತರ ಎಂಬುದು ಫಲಕದವರ ಹಳೆಯ ಲೆಕ್ಕ. ಅತಿದಪ್ಪ ಸ್ಲ್ಯಾಬ್‌ಗೆ ಅದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ, ದೂರದಿಂದ ಮೊದಲು ಕಳೆದುಹೋಗುವುದು ಒಳಗಿನ ಬಿಳಿಯೇ.

ಕಸೂತಿ ಯಂತ್ರಕ್ಕೆ 1 ಮಿ.ಮೀ.ಗಿಂತ ತೆಳುವಾದ ಗೆರೆ ಸರಿಯಾಗಿ ಹೊಲಿಯಲು ಬರುವುದಿಲ್ಲ. ದಪ್ಪ ಸ್ಲ್ಯಾಬ್‌ನಲ್ಲಿ ಗೆರೆಗೆ ಕೊರತೆಯಿಲ್ಲ, ಕಷ್ಟವೆಲ್ಲ ಸಂದಿನದು. ಪಟ್ಟಿಗಳ ನಡುವೆ 1 ಮಿ.ಮೀ. ಬಟ್ಟೆ ಕಾಣದಿದ್ದರೆ ದಾರ ಉಬ್ಬಿ ಮುಚ್ಚಿಹೋಗುತ್ತದೆ. ಸಣ್ಣಕ್ಷರದ ಎತ್ತರ 8ರಿಂದ 10 ಮಿ.ಮೀ. ಇಟ್ಟುಕೊಳ್ಳಿ. ಕೊರೆಯಚ್ಚಿನ (ಸ್ಟೆನ್ಸಿಲ್) ಕೆಲಸದಲ್ಲಿ ಅಕ್ಷರದ ಹೊಟ್ಟೆಯ ತುಂಡು ಕಳಚಿ ಬೀಳುವುದರಿಂದ ಸೇತುವೆ ಬಿಡಬೇಕಾಗುತ್ತದೆ. ಸ್ಲ್ಯಾಬ್‌ನ ಗೆರೆ ಅಗಲವಾದ್ದರಿಂದ ಸೇತುವೆ ಇಟ್ಟರೂ ಅಕ್ಷರದ ಗುರುತು ಕೆಡುವುದಿಲ್ಲ.

ಜಾಲತಾಣದಲ್ಲಿ

ಇಲ್ಲಿನ ಅತಿ ಸಾಮಾನ್ಯ ತಪ್ಪು ಸುಳ್ಳು ದಪ್ಪ. ಸಾದಾ ತೂಕದ ಕಡತವನ್ನಷ್ಟೇ ಸೇರಿಸಿ ಶೀರ್ಷಿಕೆಗೆ ದಪ್ಪ ಎಂದು ಹೇಳಿದರೆ, ಬ್ರೌಸರ್ ಸಾದಾ ಅಕ್ಷರವನ್ನೇ ಉಬ್ಬಿಸಿ ತೋರಿಸುತ್ತದೆ. ಕಂಬ, ಪಟ್ಟಿ, ಬಾಗು ಎಲ್ಲವೂ ಒಂದೇ ಅಳತೆಗೆ ಊದಿಕೊಂಡು, ವಿನ್ಯಾಸಕ ಜತನದಿಂದ ಕೆತ್ತಿದ ಬಿಳಿ ಮಾಯವಾಗುತ್ತದೆ. ಸ್ಲಾಬೊ ಅಕ್ಷರ ಇದಕ್ಕೆ ಒಳ್ಳೆಯ ಉದಾಹರಣೆ. 13 ಮತ್ತು 27 ಪಿಕ್ಸೆಲ್ ಎಂಬ ನಿಖರ ಅಳತೆಗಳಿಗಾಗಿಯೇ ಅದನ್ನು ಮಾಡಿದ್ದು, ಅದಕ್ಕೆ ದಪ್ಪ ತೂಕವೇ ಇಲ್ಲ. ಅದನ್ನು ಶೀರ್ಷಿಕೆಗೆ ಹಾಕಿದರೆ ಕಾಣುವುದೆಲ್ಲ ಬ್ರೌಸರಿನ ಕೈಚಳಕ. ಶೈಲಿಕಡತದಲ್ಲಿ (CSS) ಫಾಂಟ್ ಸಿಂಥೆಸಿಸ್ (font-synthesis) ಗುಣವನ್ನು ‘none’ ಎಂದು ಇಟ್ಟರೆ ಈ ಉಬ್ಬರ ನಿಲ್ಲುತ್ತದೆ, ಯಾವ ತೂಕ ಸೇರಿಸಲು ಮರೆತಿದ್ದೀರಿ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಒಂದೇ ತೂಕ ಬೇಕಿದ್ದರೆ ವೇರಿಯಬಲ್ ಫಾಂಟ್ (ಎಲ್ಲ ತೂಕಗಳನ್ನೂ ಒಂದೇ ಕಡತದಲ್ಲಿ ಹೊತ್ತದ್ದು) ಬೇಡ, ಆ ತೂಕದ ಒಂದು ಕಡತ ಸಾಕು, ಹಗುರ. ಮೂರೋ ನಾಲ್ಕೋ ತೂಕ ಬಳಸುವಾಗ ವೇರಿಯಬಲ್ ಲಾಭದಾಯಕ. ಸ್ಲ್ಯಾಬ್ ಅಗಲವಾದ ಅಕ್ಷರ ಎಂಬುದನ್ನು ಇಲ್ಲೂ ಮರೆಯಬಾರದು. ಫಾಂಟ್ ಬರುವ ಮುನ್ನ ಕಾಣುವ ಬದಲಿ ಅಕ್ಷರ ಕಿರಿದಾಗಿದ್ದರೆ, ಒಂದು ಸಾಲಿನ ತಲೆಬರಹ ಕಣ್ಣೆದುರೇ ಎರಡು ಸಾಲಾಗಿ ಇಡೀ ಪುಟ ಕೆಳಗೆ ಜಿಗಿಯುತ್ತದೆ. ಬದಲಿ ಅಕ್ಷರದ ಅಳತೆಯನ್ನು ಶೈಲಿಕಡತದ ಸೈಜ್ ಅಡ್ಜಸ್ಟ್ (size-adjust) ಮೂಲಕ ಹಿಗ್ಗಿಸಿ ಹೊಂದಿಸಿ.

ಜೊತೆಗೆ ಯಾವ ಅಕ್ಷರ ಎಂಬ ಪ್ರಶ್ನೆಗೆ ಸುಲಭದ ಉತ್ತರ ಒಂದೇ ಅಸ್ಥಿಪಂಜರದ ಜೋಡಿ: ಸೆರಿಫಾಗೆ ಯೂನಿವರ್ಸ್, ಲುಬಾಲಿನ್ ಗ್ರಾಫ್‌ಗೆ ಅವಾಂಟ್ ಗಾರ್ಡ್, ರೊಬೋಟೊ ಸ್ಲ್ಯಾಬ್‌ಗೆ ರೊಬೋಟೊ. ಬೇರೆ ಕುಲದ ಎರಡು ಸ್ಲ್ಯಾಬ್‌ಗಳನ್ನು ಒಂದೇ ಪುಟದಲ್ಲಿ ಮಾತ್ರ ಇಡಬೇಡಿ. ವ್ಯತ್ಯಾಸ ಬೇಕೆಂದು ಮಾಡಿದ್ದೋ ತಪ್ಪಿ ಆದದ್ದೋ ಎಂದು ಓದುಗರಿಗೆ ತಿಳಿಯುವುದಿಲ್ಲ.

ಕನ್ನಡ ಲಿಪಿಯ ಪಕ್ಕದಲ್ಲಿ

ಕನ್ನಡ ಮತ್ತು ರೋಮನ್ ಲಿಪಿ ಒಂದೇ ಸಾಲಿನಲ್ಲಿ ಬರುವಾಗ ತೂಕದ ಅಂಕಿಯನ್ನು ನಂಬುವಂತಿಲ್ಲ. ಒಂದರ 700 ಇನ್ನೊಂದರ 700 ಅಲ್ಲ. ಎರಡನ್ನೂ ಪಕ್ಕದಲ್ಲಿಟ್ಟು, ಕನ್ನಡ ಅಕ್ಷರದ ಅತಿ ದಪ್ಪ ಗೆರೆಗೆ ರೋಮನ್ ಕಂಬದ ಅಗಲ ಹೊಂದುವ ತನಕ ತೂಕ ಬದಲಿಸಿ. ಸ್ಲ್ಯಾಬ್‌ಗೆ ಪಟ್ಟಿಗಳ ಕಪ್ಪೂ ಸೇರುವುದರಿಂದ ಸಾಮಾನ್ಯವಾಗಿ ಒಂದು ಮೆಟ್ಟಿಲು ಇಳಿಸಬೇಕಾಗುತ್ತದೆ. ಕನ್ನಡದ ದುಂಡು, ಗಂಟು, ಸುರುಳಿಗಳ ಪಕ್ಕ ಚೌಕ ಮೂಲೆಯವು ಬೇಲಿಯಂತೆ ನಿಲ್ಲುತ್ತವೆ. ಕ್ಲಾರೆಂಡನ್‌ನ ಬಾಗು ಮತ್ತು ಗುಂಡುತುದಿ ಹೆಚ್ಚು ಹೊಂದಿಕೊಳ್ಳುತ್ತವೆ. ರೋಮನ್ ತಲೆಬರಹಕ್ಕೆ ಅಕ್ಷರದಳತೆಯ 1.1 ಪಟ್ಟು ಸಾಲಂತರ ಸಾಕಾದರೆ, ಕನ್ನಡ ಸೇರಿದ ಕೂಡಲೇ ಒತ್ತಕ್ಷರಗಳಿಗಾಗಿ 1.4ಕ್ಕೆ ಏರಿಸಿ.

ಹೊಂದಿಕೆಯ ಆಸೆಗೆ ಕನ್ನಡ ಅಕ್ಷರಗಳ ಬುಡಕ್ಕೇ ಪಟ್ಟಿ ಅಂಟಿಸುವುದು ಬೇಡ. ಬುಡ ಒತ್ತಕ್ಷರದ ಜಾಗ. ಅಲ್ಲಿ ಪಟ್ಟಿ ಕೂತರೆ ‘ಕ್ಕ’, ‘ತ್ತ’, ‘ಷ್ಟ್ರ’ಗಳಿಗೆ ಇನ್ನಷ್ಟು ಕೆಳಗೆ ಇಳಿಯದೆ ಗತಿಯಿಲ್ಲ, ಸಾಲಂತರ 1.4 ಸಾಲದು. ಕನ್ನಡದಲ್ಲಿ ಅಡ್ಡಪಟ್ಟಿಯ ಕೆಲಸ ಮಾಡಬಲ್ಲದ್ದು ತಲೆಕಟ್ಟು. ಅದು ಗಟ್ಟಿಯಾಗಿ, ಮೊಂಡು ತುದಿಯೊಂದಿಗೆ ಕೂತಿರುವ ದಪ್ಪ ಕನ್ನಡ ಫಾಂಟ್ ಆರಿಸಿದರೆ ಪಕ್ಕದ ಸ್ಲ್ಯಾಬ್ ಜೊತೆ ಅದು ತಾನಾಗಿಯೇ ಸಾಲು ಕಟ್ಟುತ್ತದೆ.